ಡಿಸ್ಕ್‌ಗೆ ರಕ್ತ ನಿಲ್ಲುವ ವಯಸ್ಸು

ನಮ್ಮ ಕಾಸರಗೋಡಿನ ಕಡೆ ಯಾವ ಮನೆಗೆ ಹೋದರೂ ಕಪಾಟಿನ ಮೇಲೆ ಒಂದು ದೊಡ್ಡ ಲಕೋಟೆ ಇರುತ್ತದೆ. ಮಂಗಳೂರಿನಲ್ಲಿ ತೆಗೆಸಿದ ಎಂ.ಆರ್.ಐ. ಫಿಲ್ಮು. ಅಡಿಕೆ ಮರ ಹತ್ತುವವರ ಮನೆಯಲ್ಲೂ ಉಂಟು, ಬೀಡಿ ಕಟ್ಟುವವರ ಮನೆಯಲ್ಲೂ ಉಂಟು, ದುಬೈಯಲ್ಲಿ ಗಾಡಿ ಓಡಿಸಿ ಊರಿಗೆ ಮರಳಿದವರ ಮನೆಯಲ್ಲೂ ಉಂಟು. ಒಳಗಿನ ರಿಪೋರ್ಟಿನಲ್ಲಿ ಬರೆದದ್ದು ಹೆಚ್ಚುಕಡಿಮೆ ಒಂದೇ. ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಒಣಗಿದೆ, ಎತ್ತರ ಕಡಿಮೆಯಾಗಿದೆ, ಸ್ವಲ್ಪ ಹೊರಗೆ ಉಬ್ಬಿದೆ.

ಅದನ್ನು ಓದಿಸಿಕೊಳ್ಳಲು ನನ್ನ ಹತ್ತಿರ ಬರುವವರು ಇದ್ದಾರೆ. ನಾನು ಡಾಕ್ಟರಲ್ಲ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಆದರೆ ರಿಪೋರ್ಟು ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಚೀಟಿ ಮಲಯಾಳದಲ್ಲಿ. ಎರಡೂ ಬಾರದ ಹಿರಿಯರಿಗೆ ಟೀಚರ್ ಮನೆಯೇ ಹತ್ತಿರ. ಬಂದವರು ಜಗಲಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು, ನಿಧಾನಕ್ಕೆ ಕೇಳುತ್ತಾರೆ. “ಟೀಚರೇ, ವಯಸ್ಸಾಯ್ತಲ್ಲ, ಡಿಸ್ಕಿಗೆ ರಕ್ತ ಹೋಗುವುದು ನಿಂತಿದೆಯಂತೆ. ಇನ್ನು ಸರಿಯಾಗ್ಲಿಕ್ಕುಂಟಾ?”

ಈ ಪ್ರಶ್ನೆ ನನ್ನನ್ನು ತುಂಬಾ ಕಾಡಿದೆ. ಕೇಳುವವರ ಮುಖದಲ್ಲಿ ಅಷ್ಟು ಭಯ ಇರುತ್ತದೆ. ರಕ್ತ ನಿಂತಿತು ಎಂದರೆ ಆ ಭಾಗ ಸತ್ತಿತು ಎಂದೇ ಅವರ ಲೆಕ್ಕ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಮೊದಲಿಗೆ ಹೇಳಬೇಕಾದದ್ದು ಇಷ್ಟು: ನಿಮ್ಮ ಡಿಸ್ಕ್‌ಗಳಿಗೆ ರಕ್ತ ಹೋಗುವುದು ನಿಂತದ್ದು ಐವತ್ತರಲ್ಲಿ ಅಲ್ಲ, ನಲವತ್ತರಲ್ಲೂ ಅಲ್ಲ. ನೀವು ಶಾಲೆಗೆ ಹೋಗುತ್ತಿದ್ದಾಗಲೇ ಅದು ಬಹುಪಾಲು ನಿಂತಾಗಿತ್ತು.

ನಮ್ಮ ಬೆನ್ನಿನಲ್ಲಿ 23 ಡಿಸ್ಕ್‌ಗಳಿವೆ. ಕುತ್ತಿಗೆಯಲ್ಲಿ 6, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಬೆನ್ನುಮೂಳೆಯ ಸಾಲಿನ ಉದ್ದದಲ್ಲಿ ಸುಮಾರು ಕಾಲು ಭಾಗ ಇವುಗಳದೇ. ಪ್ರತಿ ಡಿಸ್ಕ್‌ನ ನಡುವೆ ನೀರು ತುಂಬಿದ, ಅಂಟಂಟಾದ ತಿರುಳು. ಅದರ ಸುತ್ತ ಪದರದ ಮೇಲೆ ಪದರವಾಗಿ ಗಟ್ಟಿ ನಾರಿನ ಬಳೆ. ಮೇಲೆ ಮತ್ತು ಕೆಳಗೆ, ಮೂಳೆಗೆ ತಾಗುವಲ್ಲಿ, ಮೃದ್ವಸ್ಥಿಯ ತೆಳ್ಳಗಿನ ತಟ್ಟೆ. ಅದರ ದಪ್ಪ ಒಂದು ಮಿಲಿಮೀಟರ್ ಅಥವಾ ಅದಕ್ಕಿಂತಲೂ ಕಡಿಮೆ. ಇಂಗ್ಲಿಷಿನಲ್ಲಿ ಅದನ್ನು ಎಂಡ್‌ಪ್ಲೇಟ್ ಎನ್ನುತ್ತಾರೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಡಿಸ್ಕ್‌ನ ಬದುಕೆಲ್ಲ ಈ ತಟ್ಟೆಯ ಮೇಲೆ ನಿಂತಿದೆ.

ಮಗು ಹುಟ್ಟುವಾಗ ಈ ತಟ್ಟೆಯಲ್ಲಿ ರಕ್ತನಾಳಗಳು ಇರುತ್ತವೆ. ನಾರಿನ ಬಳೆಯ ಹೊರ ಪದರಗಳಲ್ಲೂ ಇರುತ್ತವೆ. ಮಗು ಬೆಳೆಯುತ್ತಾ ಹೋದ ಹಾಗೆ ಅವು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚಿನವು ಮಾಯ. ಎಲುಬು ಬಲಿತು ಬೆಳವಣಿಗೆ ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿ ನಾಳಗಳೇ ಉಳಿಯುವುದಿಲ್ಲ. ಬಳೆಯ ತೀರಾ ಹೊರ ಅಂಚಿನಲ್ಲಿ ಸ್ವಲ್ಪ ಉಳಿಯುತ್ತವೆ, ಅಷ್ಟೇ. ದೊಡ್ಡವರ ದೇಹದಲ್ಲಿ ರಕ್ತನಾಳವಿಲ್ಲದ ಅತಿ ದೊಡ್ಡ ಭಾಗ ಡಿಸ್ಕ್.

ಮಕ್ಕಳ ಡಾಕ್ಟರುಗಳಿಗೆ ಇದು ಬೇರೆ ದಾರಿಯಿಂದ ಗೊತ್ತು. ಚಿಕ್ಕ ಮಕ್ಕಳಲ್ಲಿ ಅಪರೂಪಕ್ಕೆ ಡಿಸ್ಕ್ ಇರುವಲ್ಲೇ ಸೋಂಕು ಕಾಣಿಸಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ರಕ್ತದ ದಾರಿ ಇನ್ನೂ ತೆರೆದಿರುವುದರಿಂದ ರೋಗಾಣುವೂ ಅದೇ ದಾರಿಯಲ್ಲಿ ಬಂದು ಕೂರುತ್ತದೆ. ದೊಡ್ಡವರಲ್ಲಿ ಸೋಂಕು ಸಾಮಾನ್ಯವಾಗಿ ಮೂಳೆಯಲ್ಲಿ, ಎಂಡ್‌ಪ್ಲೇಟಿನ ಪಕ್ಕದಲ್ಲಿ ಶುರುವಾಗಿ ಆಮೇಲೆ ಡಿಸ್ಕ್‌ಗೆ ಹರಡುತ್ತದೆ. ಬೆನ್ನಿನ ಕ್ಷಯವೂ ಹಾಗೆಯೇ ಹೆಚ್ಚಾಗಿ ಮೂಳೆಯಿಂದಲೇ ಆರಂಭ.

ನಾರ್ಬರ್ಟ್ ಬೂಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಉಂಟು. ಗರ್ಭದಲ್ಲಿನ ಶಿಶುವಿನಿಂದ ಹಿಡಿದು 88 ವರ್ಷದವರ ವರೆಗಿನ ಮೃತರ ಸೊಂಟದ ಡಿಸ್ಕ್‌ಗಳನ್ನು ಅವರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಎಂಡ್‌ಪ್ಲೇಟಿನ ರಕ್ತನಾಳಗಳು ಎಳವೆಯಲ್ಲೇ ಕಡಿಮೆಯಾಗುವುದನ್ನು ಕಂಡರು. ತಿರುಳಿನಲ್ಲಿ ಮೊದಲ ಬಿರುಕುಗಳು ಕಾಣಿಸಿದ್ದು 11ರಿಂದ 16ರ ವಯಸ್ಸಿನ ಗುಂಪಿನಲ್ಲಿ. ಇದನ್ನು ಓದಿದ ಮೇಲೆ ನನ್ನ ಎಂಟನೇ ತರಗತಿಯನ್ನು ನಾನು ನೋಡುವ ರೀತಿಯೇ ಬದಲಾಯಿತು. ಕಬಡ್ಡಿ ಆಡಿ ಬೆವರಿ ಓಡಿ ಬರುವ ಈ ಮಕ್ಕಳ ಬೆನ್ನಿನಲ್ಲೂ ಆ ಕೆಲಸ ಶುರುವಾಗಿದೆ. ಅವರಿಗೆ ನೋವಿಲ್ಲ, ಗೊತ್ತೂ ಇಲ್ಲ. ಹಾಗಾದರೆ ಇದನ್ನು ರೋಗ ಎನ್ನುವುದು ಹೇಗೆ?

ರಕ್ತ ಹೋಗದಿದ್ದರೆ ಡಿಸ್ಕ್ ಬದುಕುವುದಾದರೂ ಹೇಗೆ? ಇದನ್ನು ಬೇರೆ ಊರಿನವರಿಗೆ ವಿವರಿಸುವುದು ಕಷ್ಟ. ನಮ್ಮವರಿಗೆ ಸುಲಭ, ಯಾಕೆಂದರೆ ನಾವು ಸುರಂಗದ ನೀರು ಕುಡಿದವರು.

ಬಾಯಾರು, ಪೈವಳಿಕೆ, ಪೆರ್ಲ, ಎಣ್ಮಕಜೆ ಕಡೆ ಗುಡ್ಡದ ಬುಡದಿಂದ ಒಳಕ್ಕೆ ಅಡ್ಡಲಾಗಿ ತೋಡಿದ ಸುರಂಗಗಳನ್ನು ನೋಡಿದವರಿಗೆ ಗೊತ್ತು. ಅಲ್ಲಿ ಒರತೆ ಧೋ ಎಂದು ಸುರಿಯುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಮುರಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಜಿನುಗಿ, ಗೋಡೆಯಿಂದ, ಮಾಡಿನಿಂದ ಹನಿಹನಿಯಾಗಿ ಇಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಬೇಸಗೆಯಲ್ಲೂ ಒಂದು ಮನೆಗೆ, ಒಂದು ತೋಟಕ್ಕೆ ಸಾಕಾಗುವಷ್ಟು ಬರುತ್ತದೆ. ಆದರೆ ಒಂದು ಶರತ್ತು ಉಂಟು. ಮೇಲಿನ ಗುಡ್ಡದಲ್ಲಿ ನೀರಿರಬೇಕು, ನಡುವಿನ ಮಣ್ಣು ಜಿನುಗಲು ಬಿಡಬೇಕು.

ಡಿಸ್ಕ್‌ನ ಒಳಗೂ ಹೀಗೆಯೇ. ಬೆನ್ನುಮೂಳೆ ಗುಡ್ಡದ ಜಾಗದಲ್ಲಿದೆ. ಅದರ ತುಂಬ ರಕ್ತ. ಎಂಡ್‌ಪ್ಲೇಟಿನ ಅಂಚಿಗೆ ಬಂದು ಕೂದಲಿಗಿಂತ ತೆಳ್ಳಗಿನ ನಾಳಗಳು ನಿಲ್ಲುತ್ತವೆ. ಅಲ್ಲಿಂದ ಮುಂದೆ ಗ್ಲೂಕೋಸ್ ಮತ್ತು ಆಮ್ಲಜನಕ ಜಿನುಗಿಯೇ ಹೋಗಬೇಕು. ಸೊಂಟದ ಡಿಸ್ಕ್‌ನ ಮಧ್ಯದಲ್ಲಿರುವ ಜೀವಕೋಶಕ್ಕೆ ಹತ್ತಿರದ ರಕ್ತನಾಳ 6ರಿಂದ 8 ಮಿಲಿಮೀಟರ್ ದೂರ. ನಮ್ಮ ಕಣ್ಣಿಗೆ ಅದು ಏನೂ ಅಲ್ಲ. ಜೀವಕೋಶದ ಲೆಕ್ಕದಲ್ಲಿ ಬಹಳ ದೂರ. ದೇಹದ ಉಳಿದ ಭಾಗಗಳಲ್ಲಿ ಒಂದು ಕೋಶಕ್ಕೂ ರಕ್ತಕ್ಕೂ ನಡುವೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಅಂತರ ಇರುವುದು ಕಡಿಮೆ.

ಹಾಗಾಗಿ ಒಳಗೆ ಜನಸಂಖ್ಯೆಯೂ ಕಡಿಮೆ. ತಿರುಳಿನ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 4000 ಜೀವಕೋಶಗಳು. ಗಾತ್ರದ ಲೆಕ್ಕ ಹಿಡಿದರೆ ಡಿಸ್ಕ್‌ನಲ್ಲಿ ಶೇ. 1ರಷ್ಟು ಮಾತ್ರ ಜೀವಕೋಶ, ಉಳಿದದ್ದು ಅವು ನೇಯ್ದಿಟ್ಟ ನಾರು, ಅಂಟು ಮತ್ತು ನೀರು. ಸುರಂಗ ತೋಡುವವರು ಒಳಗೆ ಹೋಗುವಾಗ ಕ್ಯಾಂಡಲ್ ಹಚ್ಚಿಕೊಂಡು ಹೋಗುತ್ತಾರೆ. ಅದು ನಂದಿದರೆ ಪ್ರಾಣವಾಯು ಸಾಲದು ಎಂದು ಹಿಂದೆ ಬರುತ್ತಾರೆ. ಡಿಸ್ಕ್‌ನ ಜೀವಕೋಶಕ್ಕೆ ಹಿಂದೆ ಬರುವ ದಾರಿ ಇಲ್ಲ. ಅದು ಅಷ್ಟು ಕಡಿಮೆ ಆಮ್ಲಜನಕದಲ್ಲೇ ಬದುಕಲು ಕಲಿತಿದೆ. ಆಮ್ಲಜನಕದ ಹಂಗಿಲ್ಲದೆ ಗ್ಲೂಕೋಸನ್ನು ಒಡೆದು ಶಕ್ತಿ ಪಡೆಯುತ್ತದೆ. ಹಾಗೆ ಮಾಡಿದಾಗ ಲ್ಯಾಕ್ಟಿಕ್ ಆಮ್ಲ ಉಳಿಯುತ್ತದೆ. ಅದೂ ಬಂದ ದಾರಿಯಲ್ಲೇ ಜಿನುಗಿ ಹೊರಗೆ ಹೋಗಬೇಕು. ಸುರಂಗದಲ್ಲಿ ನೀರು ಒಂದೇ ಕಡೆಗೆ ಹರಿಯುತ್ತದೆ, ಇಲ್ಲಿ ಅದೇ ಸಂದಿನಲ್ಲಿ ಅನ್ನ ಒಳಗೆ, ಕಸ ಹೊರಗೆ.

ವಯಸ್ಸಾದಾಗ ಆಗುವುದು ಏನೆಂದು ಈಗ ಹೇಳಬಹುದು. ರಕ್ತ ಮೊದಲೇ ದೂರ ಇತ್ತು. ವಯಸ್ಸಾದ ಹಾಗೆ ಜಿನುಗುವ ದಾರಿ ಕೆಡುತ್ತದೆ. ಎಂಡ್‌ಪ್ಲೇಟಿನಲ್ಲಿ ಅಲ್ಲಲ್ಲಿ ಸುಣ್ಣದ ಅಂಶ ಕೂತು ಗಟ್ಟಿಯಾಗುತ್ತದೆ. ಅದರ ಅಂಚಿಗೆ ಬಂದು ನಿಲ್ಲುವ ನಾಳಗಳು ಕಡಿಮೆಯಾಗುತ್ತವೆ. ಗ್ಲೂಕೋಸ್ ಸಾಲದಾದರೆ ಕೋಶಗಳು ಸಾಯುತ್ತವೆ, ಆಮ್ಲ ಹೆಚ್ಚಾದರೆ ಉಳಿದ ಕೋಶಗಳ ಕೆಲಸ ನಿಧಾನವಾಗುತ್ತದೆ. ನೀರನ್ನು ಹಿಡಿದಿಡುವ ಅಂಟಿನ ಅಣುಗಳು ಒಡೆಯುತ್ತವೆ, ಹೊಸದನ್ನು ಕಟ್ಟುವವರಿಲ್ಲ. ಎಳೆಯ ವಯಸ್ಸಿನಲ್ಲಿ ತಿರುಳಿನ ಶೇ. 80ರಿಂದ 90ರಷ್ಟು ನೀರು. ಮುದಿ ವಯಸ್ಸಿನಲ್ಲಿ ಅದು ಶೇ. 70ರ ಹತ್ತಿರಕ್ಕೆ ಇಳಿಯುತ್ತದೆ. ಎಂ.ಆರ್.ಐ.ನಲ್ಲಿ ನೀರಿರುವ ಡಿಸ್ಕ್ ಬೆಳ್ಳಗೆ, ನೀರು ಕಳೆದುಕೊಂಡದ್ದು ಕಪ್ಪಗೆ ಕಾಣುತ್ತದೆ. “ಡಿಸ್ಕ್ ಕಪ್ಪಾಗಿದೆಯಂತೆ ಟೀಚರೇ” ಎಂದು ಕಣ್ಣೀರು ಹಾಕಿದವರಿದ್ದಾರೆ. ಆ ಕಪ್ಪು ಕೊಳೆತದ್ದಲ್ಲ ಅಕ್ಕಾ, ನೀರು ಕಡಿಮೆಯಾದದ್ದು ಎಂದು ಹೇಳಿ ಸಮಾಧಾನ ಮಾಡಿದ್ದೇನೆ.

ಗುಡ್ಡದಲ್ಲೇ ನೀರು ಕಡಿಮೆಯಾದರೆ? ಅದೂ ಆಗುತ್ತದೆ. ಸೊಂಟದ ಮೂಳೆಗಳಿಗೆ ರಕ್ತ ಕೊಡುವುದು ಹೊಟ್ಟೆಯ ಮಹಾಪಧಮನಿಯಿಂದ ಹೊರಡುವ ನಾಲ್ಕು ಜೊತೆ ಕವಲು ನಾಳಗಳು. ಹೃದಯದ ನಾಳಗಳಲ್ಲಿ ಕೊಬ್ಬು ಕೂತು ದಾರಿ ಕಿರಿದಾಗುವ ಹಾಗೆ ಇವುಗಳಲ್ಲೂ ಆಗುತ್ತದೆ. ಫಿನ್‌ಲ್ಯಾಂಡಿನ ಲೀನಾ ಕೌಪಿಲಾ ಅವರು 1990ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿ, ಈ ಕವಲುಗಳು ಕಿರಿದಾದವರಲ್ಲಿ ಡಿಸ್ಕ್ ಸವಕಳಿ ಹೆಚ್ಚು ಕಾಣುತ್ತದೆ ಎಂದು ತೋರಿಸಿದರು. ಅದೇ ಫಿನ್‌ಲ್ಯಾಂಡಿನಲ್ಲಿ 1991ರಲ್ಲಿ ಮಿಶೆಲ್ ಬ್ಯಾಟಿಯೆ ಮತ್ತು ಸಂಗಡಿಗರು ಒಂದೇ ರೂಪದ ಅವಳಿಗಳನ್ನು ಹೋಲಿಸಿ ನೋಡಿದರು. ಇಬ್ಬರಲ್ಲಿ ಒಬ್ಬರು ಸಿಗರೇಟು ಸೇದುವವರು, ಇನ್ನೊಬ್ಬರು ಸೇದದವರು. ಸೇದುವವರ ಸೊಂಟದ ಡಿಸ್ಕ್‌ಗಳಲ್ಲಿ ಸವಕಳಿಯ ಅಂಕ ಸರಾಸರಿ ಶೇ. 18ರಷ್ಟು ಹೆಚ್ಚಿತ್ತು. ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ತಾಯಂದಿರ ಊರು ನಮ್ಮದು. ಬೀಡಿಯ ಮೇಲೆ ಕಲ್ಲು ಹೊಡೆಯುವಷ್ಟು ಸಲೀಸು ನನಗಿಲ್ಲ. ಆದರೆ ಬೆನ್ನುನೋವಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಬೀಡಿ ಎಳೆಯುವ ಅಣ್ಣಂದಿರಿಗೆ ಇದನ್ನು ಹೇಳದೆ ಇರಲಾರೆ. ನಿಕೋಟಿನ್ ಸಣ್ಣ ನಾಳಗಳನ್ನು ಬಿಗಿಯುತ್ತದೆ, ಮತ್ತು ನಿಮ್ಮ ಡಿಸ್ಕ್ ಬದುಕುವುದೇ ಅತಿ ಸಣ್ಣ ನಾಳಗಳ ಕೊನೆಯಲ್ಲಿ.

ಎಣ್ಣೆಯ ಮಾತು ಬಂತು. ಉಜ್ಜಿದರೆ, ಬಿಸಿ ಕೊಟ್ಟರೆ ಚರ್ಮಕ್ಕೂ ಮಾಂಸಖಂಡಕ್ಕೂ ರಕ್ತ ಜಾಸ್ತಿ ಬರುತ್ತದೆ, ಬಿಗಿತ ಸಡಿಲವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಆ ಸುಖ ನಿಜ, ಅದನ್ನು ಯಾರೂ ತಳ್ಳಿಹಾಕಬೇಕಾಗಿಲ್ಲ. ಆದರೆ “ಡಿಸ್ಕಿಗೆ ರಕ್ತ ತರಿಸುತ್ತೇವೆ” ಎಂದು ಬೋರ್ಡು ಹಾಕಿದವರ ಮಾತು ಬೇರೆ. ಡಿಸ್ಕ್‌ನ ಒಳಗೆ ನಾಳವೇ ಇಲ್ಲದ ಮೇಲೆ ಎಲ್ಲಿಂದ ತರಿಸುವುದು?

ಅಷ್ಟೇ ಅಲ್ಲ, ದೊಡ್ಡವರ ಡಿಸ್ಕ್‌ನ ಒಳಕ್ಕೆ ರಕ್ತ ಬರುವುದು ಒಳ್ಳೆಯ ಲಕ್ಷಣವೂ ಅಲ್ಲ. ನನ್ನನ್ನು ಈ ವಿಷಯದಲ್ಲಿ ಹೆಚ್ಚು ಹಿಡಿದಿಟ್ಟದ್ದು ಇದೇ. ಆರೋಗ್ಯವಂತ ಡಿಸ್ಕ್‌ನಲ್ಲಿ ನರಗಳು ಬಳೆಯ ಹೊರ ಮೂರನೇ ಒಂದು ಭಾಗದಲ್ಲಿ ಮಾತ್ರ ಇರುತ್ತವೆ. ಒಳಗೆ ನರವಿಲ್ಲ, ಆದ್ದರಿಂದ ಅಲ್ಲಿ ನೋವೂ ಇಲ್ಲ. ಬಳೆ ಬಿರಿದಾಗ, ಎಂಡ್‌ಪ್ಲೇಟ್ ಒಡೆದಾಗ, ಆ ಬಿರುಕಿನಲ್ಲಿ ಹೊಸ ರಕ್ತನಾಳಗಳು ಒಳಕ್ಕೆ ತೆವಳುತ್ತವೆ. ಬಾಲ್ಯದಲ್ಲಿ ಬಿಟ್ಟು ಹೋದ ಜಾಗಕ್ಕೆ ಇಷ್ಟು ವರ್ಷದ ಮೇಲೆ ರಕ್ತ ಮರಳಿ ಬರುತ್ತದೆ. ಅದರ ಜೊತೆಗೇ ನೋವಿನ ನರಗಳೂ ಬರುತ್ತವೆ. ಮ್ಯಾಂಚೆಸ್ಟರಿನ ಆಂಥನಿ ಫ್ರೀಮಾಂಟ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಬರೆದರು. ಹಳೆಯ ಬೆನ್ನುನೋವಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಡಿಸ್ಕ್‌ಗಳಲ್ಲಿ ನರಗಳು ಒಳಗಿನ ಪದರಗಳ ವರೆಗೂ ಬೆಳೆದಿದ್ದವು.

ಇದಕ್ಕೆ ಇನ್ನೊಂದು ಮಗ್ಗುಲು ಉಂಟು, ಅದು ಸಂತೋಷದ್ದು. ತಿರುಳಿನ ತುಂಡು ಬಳೆಯನ್ನು ಹರಿದು ಪೂರ್ತಿ ಹೊರಗೆ ಬಂದಾಗ ಕಾಲಿಗೆ ಇಳಿಯುವ ನರವನ್ನು ಒತ್ತಿ, ಕೆರಳಿಸಿ, ಸಹಿಸಲಾಗದ ನೋವು ಕೊಡುತ್ತದೆ. ಆದರೆ ಹೊರಗೆ ಬಂದ ತುಂಡು ಈಗ ರಕ್ತ ಇರುವ ಜಾಗದಲ್ಲಿದೆ. ದೇಹದ ಕಾವಲು ಕೋಶಗಳು ಅದನ್ನು ಪರಕೀಯ ಎಂದು ಗುರುತಿಸಿ ಸುತ್ತುತ್ತವೆ, ಅದರೊಳಗೆ ನಾಳಗಳು ಬೆಳೆಯುತ್ತವೆ, ಕೆಲವು ತಿಂಗಳುಗಳಲ್ಲಿ ತುಂಡು ಕುಗ್ಗುತ್ತದೆ. ಎಷ್ಟೋ ಜನರಲ್ಲಿ ಪೂರ್ತಿ ಕರಗಿಯೇ ಹೋಗುತ್ತದೆ. ಪೂರ್ತಿ ಹೊರಬಿದ್ದ ದೊಡ್ಡ ತುಂಡುಗಳು ಸಣ್ಣ ಉಬ್ಬುಗಳಿಗಿಂತ ಹೆಚ್ಚಾಗಿ ಕರಗುತ್ತವೆ. ಫಿಲ್ಮಿನಲ್ಲಿ ಭಯಂಕರವಾಗಿ ಕಂಡದ್ದೇ ಮೊದಲು ಮಾಯವಾಗುವುದುಂಟು. ಅವಸರದಲ್ಲಿ ಆಪರೇಷನ್ನಿಗೆ ಹೊರಟವರಿಗೆ, ಕಾಲಿನ ಬಲ ಸರಿಯಿದ್ದರೆ ಕೆಲವು ವಾರ ಕಾದು ನೋಡಿ ಎಂದು ಒಳ್ಳೆಯ ಡಾಕ್ಟರುಗಳು ಹೇಳುವುದು ಇದಕ್ಕೇ.

ಕಾಯಬಾರದ ಸಂದರ್ಭಗಳೂ ಇವೆ. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿರುವುದು, ಪಾದ ಎತ್ತಲಾಗದಷ್ಟು ಬಲ ಕುಂದುವುದು, ಬೆನ್ನುನೋವಿನ ಜೊತೆ ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು. ಆಗ ಎಣ್ಣೆಯೂ ಬೇಡ, ಟೀಚರೂ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು. ನಮ್ಮವರಿಗೆ ಆಸ್ಪತ್ರೆ ಎಂದರೆ ಗಡಿಯಾಚೆಯ ಮಂಗಳೂರು. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಅದರ ಕಷ್ಟ ಏನೆಂದು ಈ ಜಿಲ್ಲೆ ಕಂಡಿದೆ. ಹತ್ತಿರ ಇರುವ ಆಸ್ಪತ್ರೆ ಯಾವುದು, ಅಲ್ಲಿ ಏನು ಸಿಗುತ್ತದೆ ಎಂದು ಮೊದಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ದಿನನಿತ್ಯದ ಮಾತು. ಹಗಲು ನಾವು ನಿಂತು, ಕೂತು, ಹೊತ್ತು ಕೆಲಸ ಮಾಡುವಾಗ ಭಾರಕ್ಕೆ ಡಿಸ್ಕ್‌ನ ನೀರು ಸ್ವಲ್ಪ ಹೊರಗೆ ಹೋಗುತ್ತದೆ. ರಾತ್ರಿ ಮಲಗಿದಾಗ ಮರಳಿ ಒಳಗೆ ಬರುತ್ತದೆ. ಬೆಳಿಗ್ಗೆ ಎದ್ದಾಗಿನ ಎತ್ತರಕ್ಕಿಂತ ಸಂಜೆಯ ಎತ್ತರ ಒಂದೂವರೆ ಸೆಂಟಿಮೀಟರಿನಷ್ಟು ಕಡಿಮೆ. ಜರ್ಮನಿಯ ಉಲ್ಮ್‌ನಲ್ಲಿ ಹಾನ್ಸ್-ಯೋಆಕಿಮ್ ವಿಲ್ಕೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ವಇಚ್ಛೆಯಿಂದ ಮುಂದೆ ಬಂದ ಒಬ್ಬರ ಡಿಸ್ಕ್‌ನೊಳಗೆ ಒತ್ತಡ ಅಳೆಯುವ ಸಾಧನ ಇಟ್ಟಿದ್ದರು. ಮಲಗಿದಾಗ 0.1 ಮೆಗಾಪಾಸ್ಕಲ್ (ಒತ್ತಡ ಅಳೆಯುವ ಮಾನ). ನಿಂತಾಗ 0.5. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3. ಏಳು ಗಂಟೆಯ ನಿದ್ದೆಯಲ್ಲಿ ಒತ್ತಡ 0.1ರಿಂದ 0.24ಕ್ಕೆ ಏರಿತು. ಮಲಗಿದ್ದಲ್ಲೇ ಡಿಸ್ಕ್ ನೀರು ಕುಡಿದು ತುಂಬಿಕೊಂಡ ಲೆಕ್ಕ ಅದು.

ಈ ನೀರಿನ ಓಡಾಟ ದೊಡ್ಡ ಅಣುಗಳ ಸಾಗಾಟಕ್ಕೆ ಸಹಾಯ ಮಾಡುತ್ತದೆ. ಗ್ಲೂಕೋಸ್, ಆಮ್ಲಜನಕದಂಥ ಸಣ್ಣವು ಹೆಚ್ಚಾಗಿ ತಾವಾಗಿಯೇ ಜಿನುಗುತ್ತವೆ. ಆದ್ದರಿಂದ “ವ್ಯಾಯಾಮ ಮಾಡಿ ಡಿಸ್ಕ್‌ಗೆ ರಕ್ತ ಪಂಪ್ ಮಾಡಿ” ಎಂಬ ಮಾತು ಪೂರ್ತಿ ಸರಿಯಲ್ಲ. ಆದರೆ ನಡೆದಾಡುವವರ ನಾಳಗಳು ಚೆನ್ನಾಗಿರುತ್ತವೆ, ಸಕ್ಕರೆ ಹತೋಟಿಯಲ್ಲಿರುತ್ತದೆ, ಬೆನ್ನಿನ ಮಾಂಸಖಂಡ ಗಟ್ಟಿಯಿರುತ್ತದೆ. ಇಷ್ಟು ಸಾಕಲ್ವಾ? ಮೆಟ್ಟುಕತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು, ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವವರು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಇರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ನಡುನಡುವೆ ಸುಮ್ನೆ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ ಬನ್ನಿ. ಮಧ್ಯಾಹ್ನ ಊಟ ಆದ ಮೇಲೆ ಸ್ವಲ್ಪ ಹೊತ್ತು ಅಡ್ಡ ಬೀಳಿ. ಅದು ಸೋಮಾರಿತನ ಅಲ್ಲ.

ದುಡಿಮೆಯೇ ಡಿಸ್ಕನ್ನು ತಿಂದಿತು ಎಂಬ ಮಾತನ್ನೂ ಸ್ವಲ್ಪ ನಿಧಾನಕ್ಕೆ ಹೇಳಬೇಕು. ಫಿನ್‌ಲ್ಯಾಂಡಿನ ಅವಳಿಗಳ ಅಧ್ಯಯನ ಮುಂದುವರಿದಾಗ ಗೊತ್ತಾದದ್ದು, ಭಾರದ ಕೆಲಸದ ಪಾಲು ಎಣಿಸಿದ್ದಕ್ಕಿಂತ ಕಡಿಮೆ, ಹುಟ್ಟಿನಿಂದ ಬಂದದ್ದರ ಪಾಲು ಜಾಸ್ತಿ. ನನ್ನ ಸೋದರಮಾವಂದಿರಲ್ಲಿ ದೊಡ್ಡವರು ಯಕ್ಷಗಾನದಲ್ಲಿ ತೆಂಕುತಿಟ್ಟಿನ ಪುಂಡುವೇಷದವರು. ರಾತ್ರಿಯಿಡೀ ಗಿರಗಿರನೆ ಹಾರಿ ತಿರುಗುವ ಧೀಂಗಿಣ ಹೊಡೆದವರು. ಸಣ್ಣವರು ಬ್ಯಾಂಕಿನ ಕುರ್ಚಿಯಲ್ಲಿ ಕೂತು ನಿವೃತ್ತರಾದವರು. ಇಬ್ಬರ ಫಿಲ್ಮನ್ನೂ ಬೆಳಕಿಗೆ ಹಿಡಿದು ನೋಡಿದರೆ ಯಾರದು ಯಾವುದೆಂದು ಹೇಳಲಿಕ್ಕೆ ಆಗುವುದಿಲ್ಲ. ನೋವು ಇರುವುದು ಬ್ಯಾಂಕಿನ ಮಾವನಿಗೆ.

ಫಿಲ್ಮಿಗೂ ನೋವಿಗೂ ಹೀಗೆ ತಾಳ ತಪ್ಪುವುದು ನಮ್ಮ ಮನೆಯಲ್ಲಿ ಮಾತ್ರ ಅಲ್ಲ. ಬೆನ್ನುನೋವೇ ಇಲ್ಲದ 3110 ಜನರ ಚಿತ್ರಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವರದಿ ಬಂತು. ನೋವಿಲ್ಲದ ಇಪ್ಪತ್ತರ ಹರೆಯದವರಲ್ಲೇ ಶೇ. 37 ಜನರಿಗೆ ಡಿಸ್ಕ್ ಸವಕಳಿ. ಎಂಬತ್ತರವರಲ್ಲಿ ಶೇ. 96 ಜನರಿಗೆ. ತಲೆಗೂದಲು ನರೆತದ್ದಕ್ಕೆ ಯಾರೂ ರಿಪೋರ್ಟು ಕೊಡುವುದಿಲ್ಲ. ಇದಕ್ಕೆ ಕೊಡುತ್ತಾರೆ, ಮತ್ತು ಅದನ್ನು ಓದಿದ ದಿನದಿಂದ ಮನುಷ್ಯ ತೋಟಕ್ಕೆ ಇಳಿಯಲು ಹೆದರುತ್ತಾನೆ. ನಡೆಯುವುದು ಬಿಡುತ್ತಾನೆ, ಮೊಮ್ಮಗುವನ್ನು ಎತ್ತುವುದು ಬಿಡುತ್ತಾನೆ. ಹಾಗೆ ಮೂಲೆ ಹಿಡಿದವರನ್ನು ಕಂಡಾಗ ನನಗೆ ನಿಜಕ್ಕೂ ದುಃಖವಾಗುತ್ತದೆ. ರಿಪೋರ್ಟು ಬರೆಯುವವರು “ಈ ವಯಸ್ಸಿಗೆ ಇದು ಸಾಮಾನ್ಯ” ಎಂದು ಒಂದು ಸಾಲು ಸೇರಿಸಿದರೆ ಎಷ್ಟು ಜನ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು!

ಈಚೆಗೆ ಬರುವವರ ಕೈಯಲ್ಲಿ ಇನ್ನೊಂದು ಕಾಗದ ಇರುತ್ತದೆ. ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ, ಚುಚ್ಚಿ ಡಿಸ್ಕನ್ನು ಮತ್ತೆ ಎಳೆಯದು ಮಾಡುತ್ತೇವೆ ಎಂಬ ಜಾಹೀರಾತು. ಇದರ ಮೇಲೆ ಪ್ರಾಮಾಣಿಕವಾಗಿ ಸಂಶೋಧನೆ ಮಾಡುತ್ತಿರುವವರು ಜಗತ್ತಿನಲ್ಲಿ ಅನೇಕರಿದ್ದಾರೆ. ಅವರಿಗೆ ದೊಡ್ಡ ತೊಡಕಾಗಿರುವುದೂ ಈ ರಕ್ತದ ವಿಷಯವೇ. ಇದ್ದ ಕೋಶಗಳೇ ಅನ್ನ ಸಾಲದೆ ಸತ್ತ ಜಾಗಕ್ಕೆ ಲಕ್ಷಗಟ್ಟಲೆ ಹೊಸ ಕೋಶಗಳನ್ನು ಹಾಕಿದರೆ ಅವು ತಿನ್ನುವುದು ಏನನ್ನು? ಇರುವ ಗ್ಲೂಕೋಸನ್ನೇ ಇನ್ನಷ್ಟು ಬಾಯಿಗಳು ಹಂಚಿಕೊಳ್ಳಬೇಕು, ಇನ್ನಷ್ಟು ಆಮ್ಲ ಹೊರಗೆ ಹೋಗಬೇಕು, ದಾರಿ ಮಾತ್ರ ಅದೇ ಹಳೆಯ ತಟ್ಟೆ. ಅದಕ್ಕೆ, ಆ ಕಾಗದ ಕೊಟ್ಟವರ ಹತ್ತಿರ ಕೇಳಿ: ನನ್ನ ಎಂಡ್‌ಪ್ಲೇಟ್ ಹೇಗಿದೆ, ಹೊಸ ಕೋಶಗಳಿಗೆ ಆಹಾರ ಎಲ್ಲಿಂದ ಬರುತ್ತದೆ? ಇದಕ್ಕೆ ನೆಟ್ಟಗೆ ಉತ್ತರ ಕೊಡದವರಿಗೆ ಅಡಿಕೆ ಮಾರಿದ ದುಡ್ಡು ಕೊಡಬೇಡಿ.